ತವನಪ್ಪನ ಎಡ ಭುಜ

ರವಿವಾರ ಪೇಟೆಯ ಬೆಲ್ಲದಂಗಡಿಯಲ್ಲಿ
ನಮ್ಮಜ್ಜನ ತಮ್ಮ ತವನಪ್ಪ
ತಕ್ಕಡಿ ಹಿಡಿದರೆ ಗಿರಾಕಿಗಳು ನಗುತ್ತಿದ್ದರಂತೆ:
"ಕಾಕಾ, ತಕ್ಕಡಿ ಸರಿ ಐತಿ, ನೀವ ವಾಲೀರಿ."
ಎಡ ಭುಜ ನಾಲ್ಕು ಬೆರಳು ಕೆಳಗೆ.
ಯಾಕೆ ಎಂದು ಕೇಳಿದವರಿಗೆ
ಒಬ್ಬರ ಮುಂದೆ ಮಾವಿನ ಗಿಡ, ಇನ್ನೊಬ್ಬರ ಮುಂದೆ ಎತ್ತಿನ ಗಾಡಿ.
ನಿಜ ಹೇಳಿದ್ದು ವೈನಿಗೆ, ನಮ್ಮಜ್ಜಿಗೆ,
ಅದೂ ಮುಪ್ಪಿನಲ್ಲಿ, ಅವಳು ಎಣ್ಣೆ ತಿಕ್ಕುವಾಗ.

ಕ್ಯಾಂಪಿನ ಮೈದಾನಕ್ಕೆ ಮೊದಲು ಹೋದದ್ದು
ಗೋರಾ ಪಲ್ಟನ್ನಿನ ಅಡಿಗೆಮನೆಗೆ ಬೆಲ್ಲ ಒಪ್ಪಿಸಲು.
ಗೆರೆ ದಾಟಿ ಬಂದ ಚೆಂಡನ್ನು
ಎಡಗೈಯಲ್ಲಿ ಹಿಡಿದು, ತಿರುವಿ, ವಾಪಸ್ಸು ಎಸೆದ.
ಅದು ನೆಲಕ್ಕೆ ಬಿದ್ದು, ಮನಸ್ಸು ಬದಲಿಸಿದವರ ಹಾಗೆ
ಬೇರೆ ಕಡೆ ಹೊರಳಿತು.
ಕ್ಯಾಪ್ಟನ್ ಬಾಯಿಂದ ಪೈಪು ತೆಗೆದ.

ಆಮೇಲೆ ನಾಲ್ಕು ಚಳಿಗಾಲ.
ಕಚ್ಚೆ ಬಿಗಿದ ಧೋತರ, ಬರಿಗಾಲು,
ಧಾರವಾಡದ ಮೇಲೆ ಆರು ವಿಕೆಟ್ಟು,
ಕೊಲ್ಲಾಪುರದ ಮೇಲೆ ಏಳು,
ಸಾಂಗಲಿಯಲ್ಲಿ ಒಂದೂ ಇಲ್ಲ, ಹೊಟ್ಟೆ ಕೆಟ್ಟಿತ್ತು.

ಮನೆಯಲ್ಲಿ ಗೊತ್ತಾದದ್ದು ಬೆರಳಿನ ಕೆಂಪಿನಿಂದ.
"ಅದು ಯಾವ ಜೀವದ ಚರ್ಮಪ್ಪಾ?" ಎಂದಳು ಅವ್ವ.
ಅವನು ಸುಮ್ಮನೆ ಹಿತ್ತಿಲ ಬಾವಿಗೆ ನಡೆದ.
ಅಂದಿನಿಂದ ಅದೇ ಕರಾರು:
ಮೂರು ಕೊಡ ನೀರು ಮೈಮೇಲೆ, ಆಮೇಲೆ ಹೊಸ್ತಿಲು.
ಸೋತ ದಿನ ನಾಲ್ಕು.
ಅದು ಅವನೇ ಹಾಕಿಕೊಂಡ ದಂಡ.

ಪಂದ್ಯ ಮುಗಿದು, ಡೇರೆಯಲ್ಲಿ ದೀಪ ಹಚ್ಚಿ ಅವರು ಉಣ್ಣುವಾಗ
ಇವನನ್ನು ಕರೆಯುತ್ತಿರಲಿಲ್ಲ.
ಹೊತ್ತು ಮುಳುಗಿದ ಮೇಲೆ ಇವನೂ ಉಣ್ಣುವವನಲ್ಲ.
ಹೀಗಾಗಿ ಯಾರೂ ಯಾರಿಗೂ ಅವಮಾನ ಮಾಡಲಿಲ್ಲ
ಎಂದು ಅವನು ಹೇಳುತ್ತಿದ್ದ.
ಅಜ್ಜಿ ಎಣ್ಣೆಯ ಕೈ ನಿಲ್ಲಿಸಿ ಅವನ ಮುಖ ನೋಡುತ್ತಿದ್ದಳು.

ಐದನೆಯ ವರ್ಷ, ಆಷಾಢ,
ಮಳೆ ಜಡಿ ಹಿಡಿದಿತ್ತು.
ರಗ್ಬಿಗೆ ಹದಿನೈದು ಜನ ಬೇಕು, ಒಬ್ಬ ಸೋಜರನಿಗೆ ವಿಷಮಜ್ವರ.
ಕ್ಯಾಪ್ಟನ್ ಬೆಲ್ಲದ ಗಾಡಿಯ ಕಡೆ ನೋಡಿದ.
ತತ್ತಿಯಂಥ ಚೆಂಡು. ಒಳಗಿರುವುದು ಹಂದಿಯ ಉಚ್ಚೆಚೀಲ
ಎಂದು ಯಾರೋ ಚೇಷ್ಟೆಗೆ ಅಂದರು.
ಆರು ಕೊಡ, ಎಂದು ಮನಸ್ಸಿನಲ್ಲೇ ಎಣಿಸಿಕೊಂಡ.

ಹುತುತು ಆಡಿದ ಉಸಿರು ಇತ್ತು, ಆಟ ಬೇಗ ಕೈಗೆ ಹತ್ತಿತು.
ಬಗೆಹರಿಯದ್ದು ಒಂದೇ:
ಓಡುವುದು ಮುಂದಕ್ಕೆ, ಚೆಂಡು ಕೊಡುವುದು ಮಾತ್ರ ಹಿಂದಕ್ಕೆ.
"ನಮ್ಮ ಉದ್ರಿ ಲೆಕ್ಕದ್ಹಾಂಗ ನೋಡ್ರಿ ವೈನಿ."

ಒಮ್ಮೆ ಗೆರೆ ಮುಟ್ಟಿದ.
ಮೂವತ್ತೂ ಜನ ಕೆಂಪು ರಾಡಿಯಲ್ಲಿ
ಸುಡದ ಇಟ್ಟಂಗಿಗಳ ಹಾಗೆ ಕಾಣುತ್ತಿದ್ದರಂತೆ.
ಎರಡನೆಯ ಓಟಕ್ಕೆ ಮೂವರು ಮೇಲೆ ಬಿದ್ದರು.
ಹಸಿ ಕಬ್ಬು ಮುರಿದ ಸದ್ದು.
ಅದು ತನ್ನೊಳಗಿನದು ಎಂದು ತಿಳಿಯಲು ತಡವಾಯಿತು.

ಎಲುಬು ಕಟ್ಟುವವನು ಗೋಕಾಕದಿಂದ ಬಂದ.
ತತ್ತಿಯ ಲೇಪ ಬೇಡವೆಂದಳು ಅವ್ವ,
ಉದ್ದಿನ ಹಿಟ್ಟು ಹಚ್ಚಿ ಬಿದಿರು ಕಟ್ಟಿದ.
ಡೊಂಕಾಗಿ ಕೂಡಿದ್ದು ಅದಕ್ಕೇ ಎಂದು ಇವನು,
ಕರ್ಮ ಎಂದು ಅವಳು.
ಎಡಗೈಯ ಚೆಂಡು ಮತ್ತೆ ಮನಸ್ಸು ಬದಲಿಸಲಿಲ್ಲ.
ವಯಸ್ಸು ಆಗ ಇಪ್ಪತ್ತಾರು.
ಇನ್ನು ನಲವತ್ತೊಂದು ವರ್ಷ ಬೆಲ್ಲ ತೂಗಿದ.

ಹೋದ ವರ್ಷ ಒಬ್ಬರು ಅಂಗಡಿಗೆ ಬಂದು
ಕ್ಯಾಂಪಿನ ಹಳೆಯ ಗೋರಿಗಳ ದಾರಿ ಕೇಳಿದರು.
ಕೈಯಲ್ಲಿ ಪಲ್ಟನ್ನಿನ ಸ್ಕೋರುಪುಸ್ತಕದಿಂದ ಇಳಿಸಿದ ಹೆಸರುಗಳು.
ಬೆರಳಿಟ್ಟು ಓದುತ್ತ ಬಂದೆ.
ಹನ್ನೊಂದನೆಯದು: ಟಿ. ಡಾಡ್ವರ್ಡ್, ಎಡಗೈ ಬೌಲರ್.
ಹುದ್ದೆ, ಹುಟ್ಟೂರು, ಗೋರಿ, ಮೂರೂ ಕಡೆ ಪ್ರಶ್ನೆಯ ಕೊಕ್ಕೆ.
"ಬಹುಶಃ ಸ್ಕಾಟ್ಲೆಂಡಿನವನು," ಎಂದರು.

ಗಲ್ಲೆ ಬಿಟ್ಟು ಎದ್ದು ಮೇಲಿನ ಬೋರ್ಡು ತೋರಿಸಿದೆ.
ಬಣ್ಣ ಹೋಗಿದೆ, ಅಕ್ಷರ ಇವೆ:
ದೊಡವಾಡ ಬಂಧುಗಳು, ಬೆಲ್ಲದ ವ್ಯಾಪಾರಿಗಳು.
ಹುಟ್ಟಿದ್ದು ಈ ಹಿಂದಿನ ಕೋಣೆ. ಗೋರಿ ಇಲ್ಲ, ಸುಟ್ಟರು.
ಅವರು ಬಹಳ ಹೊತ್ತು ಬೋರ್ಡು ನೋಡಿ
ಬರೆದುಕೊಂಡರು, ಪೆನ್ಸಿಲ್ಲಿನಲ್ಲಿ.

ಹೋಗುವಾಗ ಅರ್ಧ ಕಿಲೋ ಬೆಲ್ಲ ಕೊಂಡರು.
ನಮ್ಮದೀಗ ಕರೆಂಟಿನ ತಕ್ಕಡಿ, ವಾಲುವುದಿಲ್ಲ.
ಮೇಲೊಂದು ತುಂಡು ಇಟ್ಟೆ.